ಘಟ್ಟ ಹತ್ತಿ ಇಳಿಯಬೇಕಾದ ಪಿಕಪ್‌ಗೆ ಎಷ್ಟು ಭಾರದ ಟ್ರೇಲರ್ ಕಟ್ಟಬಹುದು?

ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ಸುತ್ತ ಮಣ್ಣುಕೆಲಸ, ಪೈಪ್‌ಲೈನ್ ಮತ್ತು ಮಂಟಪದ ಗುತ್ತಿಗೆಗಳನ್ನು ಹಿಡಿದಿರುವ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ನಮ್ಮವರಲ್ಲಿ ಅನೇಕರು ಸಣ್ಣ ಎಕ್ಸ್‌ಕವೇಟರನ್ನೋ ಜನರೇಟರನ್ನೋ ಪ್ರತಿ ಸಲ ಬಾಡಿಗೆ ಲಾರಿಯಲ್ಲಿ ಸಾಗಿಸುವ ಬದಲು ಸ್ವಂತ ಪಿಕಪ್‌ನ ಹಿಂದೆ ಟ್ರೇಲರ್ ಕಟ್ಟಿ ಒಯ್ಯುವ ಯೋಚನೆಯಲ್ಲಿರುತ್ತಾರೆ. ಅವರು ಮೊದಲು ಕೇಳುವುದು ಎಂಜಿನ್ನಿನ ಹಾರ್ಸ್‌ಪವರ್ ಎಷ್ಟಿರಬೇಕು ಎಂದು. ಆದರೆ ಪುಣೆಯಿಂದ ಮುಂಬೈಗೆ ಹೋಗಲು ಬೋರಘಾಟ್, ಸಾತಾರಾಕ್ಕೆ ಹೋಗಲು ಖಂಬಾಟಕಿ, ಬೆಳಗಾವಿಯಿಂದ ಗೋವಾಕ್ಕೆ ಇಳಿಯಲು ಚೋರ್ಲಾ ಅಥವಾ ಅನಮೋಡ ಎದುರಾಗುವ ಈ ಸೀಮೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ದಾರಿಯ ಅತಿ ಕಡಿದಾದ ಏರನ್ನು ಈ ಜೋಡಿ ಯಾವ ಗೇರಿನಲ್ಲಿ ಹತ್ತುತ್ತದೆ, ಅದೇ ಏರನ್ನು ಇಳಿಯುವಾಗ ಅದನ್ನು ತಡೆದು ನಿಲ್ಲಿಸುವುದು ಯಾವುದು, ಮತ್ತು ಹಿಂದಿನ ಆಕ್ಸಲ್ ಮೇಲೆ ನಿಜವಾಗಿ ಎಷ್ಟು ಭಾರ ಕೂರುತ್ತದೆ ಎಂಬ ಮೂರಕ್ಕೂ ಅಂಕಿಯಲ್ಲಿ ಉತ್ತರ ಸಿಗುವವರೆಗೆ ಗಾಡಿಗೆ ಮುಂಗಡ ಕೊಡಬಾರದು.

ಕಾಟಾದ ಮೇಲಿನ ಕೆಲಸ

ಎಲ್ಲ ಲೆಕ್ಕವೂ ತೂಕದಿಂದ ಆರಂಭವಾಗಬೇಕು, ಮತ್ತು ಆ ತೂಕ ಯಾರೋ ಬಾಯಲ್ಲಿ ಹೇಳಿದ್ದಾಗಿರದೆ ಕಾಟಾ ಚೀಟಿಯಲ್ಲಿ ಬಂದದ್ದಾಗಿರಬೇಕು. ಭೋಸರಿ, ಚಾಕಣ ಕಡೆಯ ಕೈಗಾರಿಕಾ ವಸಾಹತುಗಳಲ್ಲಿ ಲಾರಿ ತೂಗುವ ಕಾಟಾಗಳಿಗೆ ಕೊರತೆಯಿಲ್ಲ. ಯಂತ್ರದ ತೂಕ 1,700 ಕೆ.ಜಿ. ಎಂದು ತಯಾರಕರ ಮಾಹಿತಿಪತ್ರದಲ್ಲಿ ಬರೆದಿದ್ದರೂ ಅದಕ್ಕೆ ಹೆಚ್ಚುವರಿ ಬಕೆಟ್, ಬಂಡೆ ಒಡೆಯುವ ಬ್ರೇಕರ್, ತುಂಬಿದ ಡೀಸೆಲ್, ಹತ್ತಿಸುವ ಹಲಗೆ ಮತ್ತು ಸರಪಳಿಗಳು ಸೇರಿ, ಟ್ರೇಲರ್‌ನ ಸ್ವಂತ ತೂಕವೂ ಕೂಡಿದಾಗ ಒಟ್ಟು 2,500 ಕೆ.ಜಿ. ಮುಟ್ಟುವುದು ಸಹಜ. ಮುಂದಿನ ಉದಾಹರಣೆಗಳಲ್ಲಿ ಇದೇ 2,500 ಕೆ.ಜಿ.ಯ ಟ್ರೇಲರನ್ನು ಇಟ್ಟುಕೊಳ್ಳೋಣ.

ಪಿಕಪ್‌ನ ಖಾಲಿ ತೂಕ 2,180 ಕೆ.ಜಿ., ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದ ಮಿತಿ 2,880 ಕೆ.ಜಿ. ಎಂದುಕೊಂಡರೆ ಹೊರುವ ಸಾಮರ್ಥ್ಯ 700 ಕೆ.ಜಿ. ಆಗುತ್ತದೆ. ಎಳೆಯುವ ಭಾರ ಹೇಗೂ ಹಿಂದೆ ಉರುಳಿಕೊಂಡು ಬರುತ್ತದೆ, ಆದ್ದರಿಂದ ಈ 700 ಕೆ.ಜಿ. ಪೂರ್ತಿ ಸಾಮಾನು ತುಂಬುವ ಡಬ್ಬಿಗೆ ಉಳಿಯುತ್ತದೆ ಎಂದು ತಿಳಿಯುವವರೇ ಹೆಚ್ಚು. ಆದರೆ ಟ್ರೇಲರ್ ತನ್ನ ಮೂತಿಯಿಂದ ಪಿಕಪ್‌ನ ಹಿಚ್ ಮೇಲೆ, ಅಂದರೆ ಟ್ರೇಲರ್ ಸಿಗಿಸುವ ಕೊಂಡಿಯ ಮೇಲೆ, ಒತ್ತುವ ಭಾರವೂ ಇದೇ ಸಾಮರ್ಥ್ಯದೊಳಗೆ ಬರಬೇಕು. ಅಮೆರಿಕದಲ್ಲಿ ಈ ಮೂತಿಭಾರವನ್ನು ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಇಡುವ ರೂಢಿಯಿದೆ, ವೇಗದ ಮಿತಿ ಕಡಿಮೆಯಿರುವ ಯುರೋಪಿನಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ ಇಡುತ್ತಾರೆ. ಶೇ. 10 ಎಂದು ಹಿಡಿದರೆ 250 ಕೆ.ಜಿ. ಆಯಿತು. ಮೂವರು ಆಳುಗಳಿಗೆ 210, ಉಪಕರಣಗಳಿಗೆ 80, ಹಿಚ್‌ಗೆ 30 ಸೇರಿಸಿದರೆ 570 ಕೆ.ಜಿ. ಮುಗಿದು ಉಳಿಯುವುದು 130 ಮಾತ್ರ, ಅಂದರೆ ಎರಡೂವರೆ ಚೀಲ ಸಿಮೆಂಟಿನಷ್ಟು ಜಾಗ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿಯೆಂದರೆ ಹಿಚ್ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 3.1 ಮೀಟರ್, ಹಿಂದಿನ ಆಕ್ಸಲ್‌ನಿಂದ ಹಿಚ್‌ಗೆ 1.3 ಮೀಟರ್ ಇದ್ದರೆ, ಸನ್ನೆಯ ನಿಯಮದಂತೆ 250 ಕೆ.ಜಿ. ಮೂತಿಭಾರವು ಹಿಂದಿನ ಆಕ್ಸಲ್ ಮೇಲೆ ಸುಮಾರು 355 ಕೆ.ಜಿ. ಹೇರಿ ಮುಂದಿನ ಆಕ್ಸಲ್‌ನಿಂದ ಸುಮಾರು 105 ಕೆ.ಜಿ. ಎತ್ತಿಬಿಡುತ್ತದೆ. ಸ್ಟಿಯರಿಂಗ್ ಹಗುರಾಗುವುದು, ಮಳೆಗಾಲದ ಘಟ್ಟದ ತಿರುವಿನಲ್ಲಿ ಮುಂದಿನ ಚಕ್ರಗಳ ಹಿಡಿತ ಕುಗ್ಗುವುದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ಇದರಿಂದಲೇ. ಹಾಗಂತ ಯಂತ್ರವನ್ನು ಹಿಂದಕ್ಕೆ ಸರಿಸಿ ಮೂತಿಭಾರವನ್ನು ತೀರ ಕಡಿಮೆ ಮಾಡುವುದು ಇನ್ನೂ ಅಪಾಯಕಾರಿ, ಏಕೆಂದರೆ ಆಗ ಟ್ರೇಲರ್ ವೇಗದಲ್ಲಿ ಎಡಬಲಕ್ಕೆ ಓಲಾಡಲು ತೊಡಗುತ್ತದೆ, ಆ ಓಲಾಟ ಬೆಳೆಯುತ್ತ ಹೋದರೆ ಪಿಕಪ್ಪನ್ನೇ ಎಳೆದು ಅಡ್ಡ ಹಾಕುತ್ತದೆ.

ಮೂತಿಭಾರವನ್ನು ತೂಗಲು ಬೇರೆ ಸಾಧನ ಬೇಕಿಲ್ಲ. ಮೊದಲು ಪಿಕಪ್ಪನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳಿ. ಆಮೇಲೆ ತುಂಬಿದ ಟ್ರೇಲರ್ ಕಟ್ಟಿಕೊಂಡು ಬಂದು, ಪಿಕಪ್‌ನ ನಾಲ್ಕೂ ಚಕ್ರಗಳು ಕಾಟಾದ ಮೇಲೆ, ಟ್ರೇಲರ್‌ನ ಚಕ್ರಗಳು ಹೊರಗಿನ ಸಮನೆಲದ ಮೇಲೆ ಇರುವಂತೆ ನಿಲ್ಲಿಸಿ ಇನ್ನೊಂದು ಚೀಟಿ ತೆಗೆದುಕೊಳ್ಳಿ. ಎರಡರ ವ್ಯತ್ಯಾಸವೇ ಮೂತಿಭಾರ. ಪಿಕಪ್‌ನ ಹಿಂದಿನ ಚಕ್ರಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ಮೂರನೆಯ ಚೀಟಿ ತೆಗೆದುಕೊಂಡರೆ ಹಿಂದಿನ ಆಕ್ಸಲ್‌ನ ಭಾರವೂ ತಿಳಿಯುತ್ತದೆ, ಅದನ್ನು ಆಕ್ಸಲ್‌ನ ಮಿತಿಯೊಂದಿಗೂ ಟಯರ್‌ಗಳು ಎಷ್ಟು ಹೊರಬಲ್ಲವೆಂದು ತೋರಿಸುವ ಭಾರಸೂಚ್ಯಂಕದೊಂದಿಗೂ ಹೋಲಿಸಿ ನೋಡಬೇಕು.

ಹಿಚ್ ಕೂಡ ತನ್ನ ತಟ್ಟೆಯ ಮೇಲೆ ಎಷ್ಟು ಎಳೆತ ತಡೆಯಬಲ್ಲದೆಂದು ಕಿಲೋನ್ಯೂಟನ್‌ನಲ್ಲಿ ಅಚ್ಚಾದ ಡಿ ಮೌಲ್ಯವನ್ನು ಹೊತ್ತಿರಬೇಕು. ಪಿಕಪ್ ಮತ್ತು ಟ್ರೇಲರ್‌ನ ಒಟ್ಟು ತೂಕಗಳನ್ನು ಟನ್ನಿನಲ್ಲಿ ಹಿಡಿದು ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಬೇಕಾದ ಮೌಲ್ಯ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ, ಪಿಕಪ್‌ಗೆ ಮಿತಿಯ 2,880 ಕೆ.ಜಿ.ಯನ್ನೇ ಹಿಡಿದರೆ, ಅದು ಸುಮಾರು 13.1. ತಟ್ಟೆಯೇ ಇಲ್ಲದ, ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿದ ಹಿಚ್‌ಗೆ ಎರಡೂವರೆ ಟನ್ ಕಟ್ಟುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಗೇರಿನ ಲೆಕ್ಕ

ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ನೇರವಾಗಿ ರಸ್ತೆಗೆ ಇಳಿಯುವುದಿಲ್ಲ. ಅದು ಗೇರ್‌ಬಾಕ್ಸಿನ ಅನುಪಾತದಿಂದ ಒಮ್ಮೆ, ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಎಂಬ ಹಲ್ಲುಚಕ್ರದ ಜೋಡಿಯ ಅನುಪಾತದಿಂದ ಇನ್ನೊಮ್ಮೆ ಗುಣಿಸಲ್ಪಟ್ಟು, ಘರ್ಷಣೆಯಲ್ಲಿ ಸ್ವಲ್ಪ ಕಳೆದು, ಟಯರ್‌ನ ತ್ರಿಜ್ಯದಿಂದ ಭಾಗವಾಗಿ ಎಳೆತದ ಬಲವಾಗುತ್ತದೆ. 360 ನ್ಯೂಟನ್ ಮೀಟರ್ ಟಾರ್ಕ್, ಮೊದಲ ಗೇರ್ 4.5, ಎರಡನೆಯದು 2.4, ಮೂರನೆಯದು 1.5, ನಾಲ್ಕನೆಯದು 1.0, ಕ್ರೌನ್-ಪಿನಿಯನ್ 4.1, ಟಯರ್ ತ್ರಿಜ್ಯ 0.37 ಮೀಟರ್, ದಕ್ಷತೆ ಶೇ. 85 ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ನಿಮ್ಮ ವಾಹನದ ಅಂಕಿಗಳನ್ನು ಅದರ ಕೈಪಿಡಿಯಿಂದ ತೆಗೆದುಕೊಳ್ಳಬೇಕು. ಆಗ ಪೂರ್ಣ ಟಾರ್ಕಿನಲ್ಲಿ ನಾಲ್ಕನೇ ಗೇರ್ ಸುಮಾರು 3,390 ನ್ಯೂಟನ್, ಮೂರನೆಯದು 5,090, ಎರಡನೆಯದು 8,140, ಮೊದಲನೆಯದು 15,260 ನ್ಯೂಟನ್ ಎಳೆತ ಕೊಡುತ್ತವೆ.

ಇನ್ನು ಏರು ಕೇಳುವ ಬಲವನ್ನು ನೋಡೋಣ. ಆಳು, ಉಪಕರಣ, ಹಿಚ್ ಸೇರಿದ ಪಿಕಪ್ 2,500 ಮತ್ತು ಟ್ರೇಲರ್ 2,500 ಸೇರಿ ಜೋಡಿಯ ತೂಕ 5,000 ಕೆ.ಜಿ. ಇಪ್ಪತ್ತಕ್ಕೆ ಒಂದರ ಏರಿನಲ್ಲಿ, ಅಂದರೆ ಇಪ್ಪತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಲ್ಲಿ, ಗುರುತ್ವವು 2,450 ನ್ಯೂಟನ್ ಹಿಂದಕ್ಕೆ ಎಳೆಯುತ್ತದೆ, ಟಯರ್‌ಗಳ ಉರುಳುವಿಕೆಗೆ 740, ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಳಿಗೆ ಸುಮಾರು 300 ಸೇರಿ ಹತ್ತಿರ ಹತ್ತಿರ 3,490 ನ್ಯೂಟನ್ ಬೇಕು. ನಾಲ್ಕನೇ ಗೇರ್ ಸೋಲುತ್ತದೆ, ಮೂರನೆಯದು ಸುಮಾರು ಶೇ. 70ರಷ್ಟು ಬಲದಲ್ಲಿ ನಿರಾಯಾಸವಾಗಿ ಹತ್ತುತ್ತದೆ. ಅದೇ ಹನ್ನೆರಡಕ್ಕೆ ಒಂದರ ಏರು ಬಂದರೆ ಸುಮಾರು 5,020 ನ್ಯೂಟನ್ ಬೇಕಾಗುತ್ತದೆ. ಕಾಗದದ ಮೇಲೆ ಮೂರನೇ ಗೇರ್ ಇದನ್ನೂ ದಾಟುತ್ತದೆ, ಆದರೆ ಮುಂದಿನ ಲಾರಿ ಒಂದಿಷ್ಟು ನಿಧಾನಿಸಿದರೂ ಎಂಜಿನ್ನಿನ ಸುತ್ತು ಕುಸಿದು, ಅದಕ್ಕೆ ಹೆಚ್ಚು ಗಾಳಿ ತುಂಬುವ ಟರ್ಬೊ ಸೊರಗುತ್ತದೆ. ಎರಡನೇ ಗೇರಿನಲ್ಲಿ ನಿಮಿಷಕ್ಕೆ 2,500 ಸುತ್ತಿಗೆ ಗಂಟೆಗೆ ಸುಮಾರು 35 ಕಿ.ಮೀ. ವೇಗ ಸಿಗುತ್ತದೆ, ಶೇ. 62ರಷ್ಟು ಬಲ ಮಾತ್ರ ಖರ್ಚಾಗುತ್ತದೆ. ಆ ವೇಗಕ್ಕೆ ಎಂಜಿನ್ ಕೊಡಬೇಕಾದ ಶಕ್ತಿ 80 ಹಾರ್ಸ್‌ಪವರ್‌ಗೂ ಒಳಗೇ ಇದೆ. 160 ಹಾರ್ಸ್‌ಪವರ್ ಇದೆಯೆಂದು ಕೊಂಡ ಗಾಡಿ ಘಟ್ಟದಲ್ಲಿ ಏದುಸಿರು ಬಿಡುವುದಕ್ಕೆ ಶಕ್ತಿಯ ಕೊರತೆಗಿಂತ ಗೇರಿನ ಆಯ್ಕೆಯೇ ಕಾರಣವಾಗಿರುವುದು ಇದರಿಂದ ಸ್ಪಷ್ಟವಾಗುತ್ತದೆ. ಹತ್ತು ನಿಮಿಷ ಬಿಡದೆ ಹತ್ತಬೇಕಾದ ಏರಿನಲ್ಲಿ ಯಾವ ಗೇರಿನದೂ ಪೂರ್ಣ ಬಲದ ಮುಕ್ಕಾಲಿಗಿಂತ ಹೆಚ್ಚು ಬಳಕೆಯಾಗಬಾರದು ಎಂಬುದು ನಾನು ಪಾಲಿಸುವ ನಿಯಮ; ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ರೇಡಿಯೇಟರ್‌ಗೂ ಅದೇ ಕ್ಷೇಮ.

ಇದೇ ಸಹ್ಯಾದ್ರಿಯನ್ನು ರೈಲು ಹತ್ತುವ ಬಗೆಯನ್ನು ಇಲ್ಲಿ ನೆನೆಯಬಹುದು. 1863ರಲ್ಲಿ ತೆರೆದ ಬೋರಘಾಟ್ ಮಾರ್ಗದಲ್ಲಿ ಏರು 37ಕ್ಕೆ ಒಂದು ಮಾತ್ರ, ಆದರೂ ಕರ್ಜತ್‌ನಲ್ಲಿ ರೈಲಿನ ಹಿಂದೆ ಬ್ಯಾಂಕರ್ ಎಂಜಿನ್‌ಗಳನ್ನು ಸೇರಿಸಿಯೇ ಲೋನಾವಳಕ್ಕೆ ತಳ್ಳುವ ಪದ್ಧತಿ ಬೆಳೆದುಬಂದಿದೆ. ರಸ್ತೆಯ ಏರುಗಳು ಅದಕ್ಕಿಂತ ಬಹಳ ಕಡಿದು, ಅಲ್ಲಿ ಹಿಂದಿನಿಂದ ತಳ್ಳುವವರೂ ಇಲ್ಲ.

ಹತ್ತುವುದಕ್ಕಿಂತ ಕಷ್ಟವಾದದ್ದು ಏರಿನ ನಡುವೆ ನಿಂತು ಮತ್ತೆ ಹೊರಡುವುದು. ಕಡಿಮೆ ಸುತ್ತಿನಲ್ಲಿ ಟರ್ಬೊ ಇನ್ನೂ ಎದ್ದಿರುವುದಿಲ್ಲ. ಆಗ 200 ನ್ಯೂಟನ್ ಮೀಟರ್ ಟಾರ್ಕ್ ಸಿಕ್ಕರೆ ಮೊದಲ ಗೇರಿನಲ್ಲಿ ಎಳೆತ ಸುಮಾರು 8,480 ನ್ಯೂಟನ್. ಕಿರಿದಾದ ತಿರುವಿನ ಒಳಮಗ್ಗುಲಿನಲ್ಲಿ ಆರಕ್ಕೆ ಒಂದರ ಏರು ಸಿಕ್ಕಿದರೆ ಬೇಕಾಗುವುದು 8,800. ಅಂದರೆ ಕ್ಲಚ್ ಅರ್ಧ ಹಿಡಿದು ಎಂಜಿನ್ ಕೂಗಿಸಿ ಹೊರಡಬೇಕು, ಒಂದೆರಡು ಬಾರಿ ಹೀಗೆ ಮಾಡುವಷ್ಟರಲ್ಲಿ ಕ್ಲಚ್ ಸುಟ್ಟ ವಾಸನೆ ಕ್ಯಾಬಿನ್ ತುಂಬುತ್ತದೆ. ಭಾರದ ಟ್ರೇಲರ್ ಎಳೆಯುವವರಿಗೆ ಲೋ ರೇಂಜ್, ಅಂದರೆ ಎಳೆತವನ್ನು ಇನ್ನೂ ಹೆಚ್ಚಿಸುವ ಕೆಳಗಿನ ಗೇರುಗಳು, ಇರುವ ನಾಲ್ಕು ಚಕ್ರ ಚಾಲನೆಯ ಪಿಕಪ್ಪನ್ನು ನಾನು ಹೇಳುವುದು ಕೆಸರಿಗಾಗಿ ಅಲ್ಲ, ಈ ಒಂದು ಕ್ಷಣಕ್ಕಾಗಿ. ಆದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬಿಗಿಯಾಗಿ ಜೋಡಿಸುವ ಬಗೆಯ ಗಾಡಿಯಲ್ಲಿ ಒಣ ಡಾಂಬರಿನ ಮೇಲೆ ಅದನ್ನು ನೇರವಾಗಿ ಹೊರಡುವಾಗಲಷ್ಟೇ ಬಳಸಬೇಕು, ತಿರುವು ಬರುವ ಮೊದಲೇ ಬಿಡಿಸಬೇಕು. ಇಲ್ಲವಾದರೆ ಗೇರುಗಳು ಒಂದನ್ನೊಂದು ಬಿಗಿದುಕೊಂಡು ಮುರಿಯುವ ಸಂಭವವಿದೆ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಗಾಡಿಗೆ ಹೊರಡುವ ಕಷ್ಟ ಕಡಿಮೆ, ಆದರೆ ಅದರ ಎಣ್ಣೆ ಕಾಯುವುದರ ಮೇಲೆ ನಿಗಾ ಬೇಕು.

ಅಮೆರಿಕದ ಪಿಕಪ್‌ಗಳಲ್ಲಿ ಕೊಳ್ಳುವಾಗಲೇ 3.55, 3.73, 4.10 ಎಂದು ಹಿಂದಿನ ಆಕ್ಸಲ್‌ನ ಅನುಪಾತವನ್ನು ಆರಿಸಿಕೊಳ್ಳುವ ಅವಕಾಶ ಉಂಟು. ನಮ್ಮಲ್ಲಿ ಸಾಮಾನ್ಯವಾಗಿ ಕಂಪನಿ ಕೊಟ್ಟದ್ದೇ ಗತಿ. ಆದರೆ ಟಯರ್ ಬದಲಿಸುವ ಮೂಲಕ ಆ ಅನುಪಾತವನ್ನು ತಿಳಿಯದೆ ಕೆಡಿಸಿಕೊಳ್ಳುವುದು ಇಲ್ಲಿ ಬಹಳ ಸುಲಭ. 245/70 ಆರ್ 16 ಟಯರ್‌ನ ವ್ಯಾಸ ಸುಮಾರು 749 ಮಿ.ಮೀ., ಗಾಂಭೀರ್ಯಕ್ಕೆಂದು ಹಾಕಿಸುವ 265/70 ಆರ್ 17 ಟಯರ್‌ನ ವ್ಯಾಸ ಸುಮಾರು 803. ಎಳೆತ ಶೇ. 6.7ರಷ್ಟು ತಗ್ಗಿ, ಮೂರನೇ ಗೇರಿನ 5,090 ನ್ಯೂಟನ್ 4,750ಕ್ಕೆ ಇಳಿಯುತ್ತದೆ. ಹನ್ನೆರಡಕ್ಕೆ ಒಂದರ ಏರಿಗೆ 5,020 ಬೇಕಿತ್ತೆಂಬುದನ್ನು ನೆನಪಿಸಿಕೊಂಡರೆ ಆ ಗಾಂಭೀರ್ಯದ ಬೆಲೆ ತಿಳಿಯುತ್ತದೆ.

ಪರದೇಶದ ಅಂಕಿಗಳನ್ನು ನಂಬಿ ಹೊರಡುವುದೂ ತಪ್ಪು. ಆಸ್ಟ್ರೇಲಿಯಾದಲ್ಲಿ 3.0 ಲೀಟರ್ ಎಂಜಿನ್ನಿನ ಇಸುಜು ಡಿ-ಮ್ಯಾಕ್ಸ್‌ಗೆ ಬ್ರೇಕ್ ಇರುವ 3,500 ಕೆ.ಜಿ. ಟ್ರೇಲರ್ ಎಳೆಯುವ ಅನುಮತಿ ಇದ್ದದ್ದು ನಿಜ, ಆದರೆ ನಮ್ಮಲ್ಲಿ 2021ರಿಂದ ಮಾರಾಟವಾದ ಡಿ-ಮ್ಯಾಕ್ಸ್ ವಿ-ಕ್ರಾಸ್‌ನದು 1.9 ಲೀಟರ್, 163 ಹಾರ್ಸ್‌ಪವರ್, 360 ನ್ಯೂಟನ್ ಮೀಟರ್ ಎಂಜಿನ್. ಹೆಸರು ಒಂದೇ ಎಂಬ ಕಾರಣಕ್ಕೆ ಸಾಮರ್ಥ್ಯ ಒಂದೇ ಆಗದು. ಟ್ರೇಲರ್‌ನ ಗರಿಷ್ಠ ತೂಕ ಮತ್ತು ಜೋಡಿಯ ಗರಿಷ್ಠ ಒಟ್ಟು ತೂಕ ಎರಡನ್ನೂ ನೀವು ಕೊಳ್ಳುವ ಮಾದರಿಗೇ ಅನ್ವಯಿಸುವಂತೆ ತಯಾರಕರಿಂದ ಲಿಖಿತವಾಗಿ ಕೇಳಿ ಪಡೆಯಬೇಕು.

ಇಳಿಯುವಾಗ

ಗೇರಿನ ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ. 5,000 ಕೆ.ಜಿ.ಯ ಜೋಡಿ ಲೋನಾವಳದಿಂದ ಖೋಪೋಲಿಯ ಕಡೆಗೆ 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 24.5 ಮೆಗಾಜೂಲ್, ಅಂದರೆ 70 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸುವಷ್ಟು. ಆ ಕಾವು ಎಂಜಿನ್ನಿನ ಮೂಲಕ ಹೋಗದಿದ್ದರೆ ಹೆಚ್ಚಿನ ಪಾಲು ಬ್ರೇಕುಗಳಿಗೇ ಹೋಗಬೇಕು. ಡೀಸೆಲ್ ಎಂಜಿನ್ನಿನ ತಡೆಯುವ ಬಲ ಮೇಲಿನ ಗೇರುಗಳಲ್ಲಿ ತೀರ ಅಲ್ಪ. ಆದ್ದರಿಂದ ಹತ್ತಲು ಬೇಕಾದ ಗೇರನ್ನೇ, ಸಂಶಯವಿದ್ದರೆ ಅದಕ್ಕಿಂತ ಒಂದು ಕೆಳಗಿನದನ್ನು, ಇಳಿಜಾರು ಆರಂಭವಾಗುವ ಮೊದಲೇ ಹಾಕಿಕೊಳ್ಳಬೇಕು. ವೇಗ ಏರತೊಡಗಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಬೇಕು; ಘಟ್ಟದುದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಇರಬಾರದು.

ಯುರೋಪಿನಲ್ಲಿ 750 ಕೆ.ಜಿ. ದಾಟಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ಎರಡೂವರೆ ಟನ್ನಿಗೆ ಬ್ರೇಕ್ ಇಲ್ಲದ ಟ್ರೇಲರನ್ನು ಘಟ್ಟಕ್ಕೆ ಇಳಿಸುವುದು ಸಲ್ಲದು. ಎಳೆಯುವ ವಾಹನ ನಿಧಾನಿಸಿದಾಗ ಮೂತಿ ಒಳಕ್ಕೆ ತಳ್ಳಲ್ಪಟ್ಟು ಕೆಲಸ ಮಾಡುವ ಓವರ್‌ರನ್ ಬ್ರೇಕ್ ಅಗ್ಗವಾಗಿದ್ದು ಸಣ್ಣ ಟ್ರೇಲರ್‌ಗಳಿಗೆ ಒಗ್ಗುತ್ತದೆ. ಆದರೆ ನೀವು ಕೆಳಗಿನ ಗೇರಿನಲ್ಲಿ ಇಳಿಯುತ್ತಿರುವಷ್ಟು ಹೊತ್ತೂ ಮೂತಿ ಒತ್ತಿಯೇ ಇರುವುದರಿಂದ ಟ್ರೇಲರ್‌ನ ಡ್ರಮ್ಮುಗಳು ಒಂದೇ ಸಮನೆ ಉಜ್ಜಿ ಕಾಯುತ್ತವೆ. ಪಿಕಪ್‌ನ ಬ್ರೇಕ್ ತಣ್ಣಗಿದೆಯೆಂಬ ಭರವಸೆಯಲ್ಲಿ ಇದನ್ನು ಮರೆಯಬಾರದು. ಉದ್ದದ ಘಟ್ಟದಲ್ಲಿ ಅಗಲವಾದ ಸುರಕ್ಷಿತ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೈ ತಾಗಿಸದೆ ತಾಪಮಾಪಕದಿಂದ ಡ್ರಮ್ಮುಗಳನ್ನು ನೋಡುವುದು ಒಳ್ಳೆಯದು. ಕ್ಯಾಬಿನ್‌ನಿಂದಲೇ ಹತೋಟಿಯಲ್ಲಿಡಬಹುದಾದ ವಿದ್ಯುತ್ ಬ್ರೇಕ್‌ಗೆ ಖರ್ಚು ಮಾಡಲು ಸಾಧ್ಯವಿದ್ದವರು ಅದನ್ನೇ ಆರಿಸಲಿ.

ಕಾಗದಪತ್ರದ ವಿಷಯ ಚಿಕ್ಕದು. ಟ್ರೇಲರ್‌ಗೂ ಅದರದೇ ನೋಂದಣಿ ಮತ್ತು ವಿಮೆ ಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿ ಮೀರಿದ ಭಾರಕ್ಕೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000.

ಲೆಕ್ಕ ಹೊಂದದಿದ್ದರೆ ಕ್ರೌನ್-ಪಿನಿಯನ್ ಬದಲಿಸುವ, ಹಿಂದಿನ ಪಟ್ಟಾ ಸ್ಪ್ರಿಂಗುಗಳಿಗೆ ಒಂದು ಎಲೆ ಸೇರಿಸುವ ಸಲಹೆಗಳು ಗ್ಯಾರೇಜಿನಲ್ಲಿ ಬರುತ್ತವೆ. ಪಟ್ಟಾ ಗಟ್ಟಿಯಾದ ಮಾತ್ರಕ್ಕೆ ಆಕ್ಸಲ್, ಬೇರಿಂಗ್, ಬ್ರೇಕ್, ಟಯರ್‌ಗಳ ಮಿತಿ ಬೆಳೆಯುವುದಿಲ್ಲ. ಅನುಪಾತ ಬದಲಿಸಿದರೆ ಸ್ಪೀಡೊಮೀಟರ್‌ನಿಂದ ಹಿಡಿದು ವಾರಂಟಿಯವರೆಗೆ ಎಲ್ಲವೂ ಏರುಪೇರಾಗುತ್ತದೆ. ಬ್ರೇಕರ್ ಮತ್ತು ಬಕೆಟ್‌ಗಳನ್ನು ಬೇರೆ ಗಾಡಿಯಲ್ಲಿ ಕಳಿಸಿದರೆ ಸರಿಹೋಗುವಷ್ಟು ವ್ಯತ್ಯಾಸವಿದ್ದರೆ ಹಾಗೆ ಮಾಡಬಹುದು, ಅದೂ ಮತ್ತೊಮ್ಮೆ ಕಾಟಾಕ್ಕೆ ಹೋಗಿ ಬಂದ ಮೇಲೆ. ಅದಕ್ಕೂ ಮೀರಿದ ವ್ಯತ್ಯಾಸವಿದ್ದರೆ ಆ ಯಂತ್ರವನ್ನು ಘಟ್ಟದಾಚೆ ಸಾಗಿಸುವ ದಿನ ಲಾರಿಯನ್ನೇ ಕರೆಸಬೇಕು, ಮತ್ತು ಆ ಬಾಡಿಗೆಯನ್ನು ಟೆಂಡರ್ ಬರೆಯುವಾಗಲೇ ಸೇರಿಸಿಡಬೇಕು.