ಕಜ್ಜಿ: ಮನೆಮಂದಿಗೆಲ್ಲ ಒಂದೇ ರಾತ್ರಿ ಮದ್ದು

ಮೊದಲು ತುರಿಸತೊಡಗಿದ್ದು ನಮ್ಮವರಿಗೆ. ಜೂನ್ ಕೊನೆ, ಅಡಿಕೆ ತೋಟಕ್ಕೆ ಮೊದಲ ಸಲದ ಮದ್ದು ಬಿಟ್ಟಾಗಿತ್ತು. ಮೈಲುತುತ್ತು, ಸುಣ್ಣ ಕಲಸಿದ ಕೈಯಲ್ಲಿ ಕೆಂಪು ಬೊಕ್ಕೆ ಎದ್ದರೆ ನಮ್ಮ ಕಾಸರಗೋಡಿನ ಪೆರ್ಲದ ಕಡೆ ಬೇರೆ ಕಾರಣ ಯಾರು ಹುಡುಕುತ್ತಾರೆ? ಆ ಬೋರ್ಡೋ ಮದ್ದಿನ ಉಷ್ಣ ಎಂದು ನಾನೂ ಎಳನೀರು ಕೊಟ್ಟೆ. ವಾರದೊಳಗೆ ಒಂಬತ್ತು ವರ್ಷದ ಮಗನಿಗೂ ಶುರುವಾಯಿತು. ಅತ್ತೆ "ಹಲಸಿನ ಹಣ್ಣಿನ ನಂಜು" ಎಂದರು. ಹಲಸು ನಿಂತಿತು, ಬದನೆ ನಿಂತಿತು, ತುರಿಕೆ ನಿಲ್ಲಲಿಲ್ಲ. ಬೇವಿನ ಸೊಪ್ಪು, ಅರಿಶಿನ ಹಾಕಿ ಕುದಿಸಿದ ನೀರು ಮೀಯಿಸಿದೆ. ಜುಲೈ ಮಧ್ಯದ ಆಟಿ ತಿಂಗಳು ಹತ್ತಿರ ಬರುವಾಗ ನನ್ನ ಬೆರಳ ಸಂದಿಯಲ್ಲೂ ಬೊಕ್ಕೆ.

ಆಗ ಒಂದು ತಪ್ಪು ಮಾಡಿದೆವು. ಚೀಟಿ ಇಲ್ಲದೆ ಮದ್ದಿನಂಗಡಿಯಿಂದ ಒಂದು ಟ್ಯೂಬು ತಂದು ಹಚ್ಚಿದೆವು. ಮೂರು ದಿನ ಸುಖ, ಕೆಂಪು ಇಳಿಯಿತು. ಆಮೇಲೆ ತೊಡೆ, ಹೊಟ್ಟೆ ಎಂದು ಎಲ್ಲ ಕಡೆ ಹಬ್ಬಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಅದು ಉರಿಯೂತವನ್ನು ಅಡಗಿಸುತ್ತದೆಯೇ ಹೊರತು ಕಾರಣವನ್ನು ಕೊಲ್ಲುವುದಿಲ್ಲ. ರೋಗದ ಲಕ್ಷಣವನ್ನೇ ಮರೆಮಾಡುವುದರಿಂದ ವೈದ್ಯರಿಗೂ ಗುರುತಿಸುವುದು ಕಷ್ಟವಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರಂತೂ ಅದು ಇನ್ನಷ್ಟು ಹರಡುತ್ತದೆ.

ಕಾಸರಗೋಡಿನ ಚರ್ಮದ ಡಾಕ್ಟ್ರು ಬೊಕ್ಕೆಗಳನ್ನು ನೋಡುವ ಮೊದಲೇ ಎರಡು ಪ್ರಶ್ನೆ ಕೇಳಿದರು: "ರಾತ್ರಿ ಜಾಸ್ತಿಯಾ? ಮನೆಯಲ್ಲಿ ಬೇರೆ ಯಾರಿಗಾದರೂ ಉಂಟಾ?" ಎರಡಕ್ಕೂ ಹೌದು ಎಂದಾಗ ಟಾರ್ಚ್ ಹಿಡಿದು ನನ್ನ ಬೆರಳ ಸಂದಿ ಬಿಡಿಸಿ ತೋರಿಸಿದರು. ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣ ಬೂದು ಗೆರೆ. "ಇದು ಮಲಯಾಳದ ಚೊರಿ. ನಿಮ್ಮ ಕನ್ನಡದ ಕಜ್ಜಿ." ಬೋರ್ಡೋದಿಂದಾದರೆ ಮದ್ದು ತಾಗಿದ ಕೈ, ಮುಖದಲ್ಲೇ ಹೆಚ್ಚು ಏಳಬೇಕಿತ್ತು. ನಮ್ಮವರಿಗೆ ಇದ್ದದ್ದು ಲುಂಗಿ ಕಟ್ಟುವ ಸೊಂಟದ ಸುತ್ತ, ಮಣಿಕಟ್ಟು, ಕಂಕುಳು, ಗುಪ್ತಾಂಗದ ಹತ್ತಿರ. ಇಷ್ಟು ದಿನ ಜಾಗವನ್ನು ಯಾರೂ ಗಮನಿಸಿರಲಿಲ್ಲ.

ನೀರಿಗಾಗಿ ಗುಡ್ಡಕ್ಕೆ ನಾವು ಸುರಂಗ ಕೊರೆಯುವ ಹಾಗೆಯೇ ಕಜ್ಜಿಯ ಹೆಣ್ಣು ಹುಳ ಚರ್ಮದ ಮೇಲ್ಪದರದಲ್ಲಿ ಕೊರೆಯುತ್ತದೆ, ದಿನಕ್ಕೆ 2-3 ಮೊಟ್ಟೆ ಇಡುತ್ತದೆ. 3-4 ದಿನಕ್ಕೆ ಮರಿ ಹೊರಬರುತ್ತದೆ. ಸಾಮಾನ್ಯವಾಗಿ ಒಬ್ಬರ ಮೈಯಲ್ಲಿ ಇರುವುದು 10-15 ಹುಳ ಮಾತ್ರ. ಮೈಯೆಲ್ಲ ತುರಿಸುವುದು ಅವುಗಳ ವಿರುದ್ಧ ನಮ್ಮ ಶರೀರವೇ ತೋರಿಸುವ ಅಲರ್ಜಿಯಿಂದ. ಮೊದಲ ಸಲ ತಗಲಿದವರಿಗೆ ಈ ಅಲರ್ಜಿ ಏಳಲು 4ರಿಂದ 6 ವಾರ ಬೇಕು. ಇದನ್ನು ಕೇಳಿದಾಗಲೇ ಲೆಕ್ಕ ಸರಿಹೋಯಿತು. ಮಂಗಳೂರಿನ ಹಾಸ್ಟೆಲಿನಿಂದ ಮಗಳು ಮೇ ಮಧ್ಯದಲ್ಲಿ ಬಂದಿದ್ದಳು, ಬೆವರುಸಾಲೆ ಎಂದು ಕೈ ತುರಿಸುತ್ತಲೇ ಇದ್ದಳು.

ಕೊಟ್ಟ ಮದ್ದು ಪರ್ಮೆಥ್ರಿನ್ 5% ಕ್ರೀಮು. "ತುರಿಕೆ ಇಲ್ಲದವರೂ ಸೇರಿ ಎಲ್ಲರೂ ಒಂದೇ ದಿನ" ಎಂದು ಡಾಕ್ಟ್ರು ಒತ್ತಿ ಹೇಳಿದ್ದರು. ಆದರೂ ಅತ್ತೆ "ನನಗೆ ಎಂತದೂ ಇಲ್ಲ" ಎಂದು ಬಿಟ್ಟರು. ಮಗಳು ಹಾಸ್ಟೆಲಿನಲ್ಲಿ ಪುರುಸೊತ್ತಾದಾಗ ಹಚ್ಚಿಕೊಳ್ಳುತ್ತೇನೆಂದಳು. ನಾವು ಮೂವರೇ ಹಚ್ಚಿದೆವು. ಶನಿವಾರ ಬಂದವಳು ಅಜ್ಜಿಯ ಮಗ್ಗುಲಲ್ಲಿ ಮಲಗಿದಳು.

ಮದ್ದು ಸರಿ ಹಚ್ಚಿದ ಮೇಲೂ 2ರಿಂದ 4 ವಾರ ತುರಿಕೆ ಉಳಿಯುತ್ತದೆ. ಸತ್ತ ಹುಳ, ಮೊಟ್ಟೆ ಚರ್ಮದಲ್ಲೇ ಇರುವುದರಿಂದ. ಅದಕ್ಕೆ ಹೆದರಿ ಮತ್ತೆ ಮತ್ತೆ ಕ್ರೀಮು ಹಚ್ಚಿದರೆ ಚರ್ಮ ಒಣಗಿ ಇನ್ನೂ ತುರಿಸುತ್ತದೆ. ಹಳೆಯ ಬೊಕ್ಕೆಯೋ ಹೊಸತೋ ತಿಳಿಯಲು ನಾನು ಮಗನ ಬೊಕ್ಕೆಗಳ ಸುತ್ತ ಬಾಲ್ ಪೆನ್ನಿನಲ್ಲಿ ವೃತ್ತ ಎಳೆದೆ. ಮಿಂದರೆ ಮಾಸುತ್ತದೆ, ದಿನಾ ಮತ್ತೆ ತಿದ್ದಿದೆ. ಮೂರನೇ ವಾರ ವೃತ್ತದ ಹೊರಗೆ, ಅಂಗೈಯಲ್ಲಿ, ಹೊಸ ಗೆರೆಗಳು ಬಂದವು. ಅತ್ತೆಯ ಬಳೆಯ ಅಡಿಯಲ್ಲೂ ನೋಡಿದೆ. ಅಲ್ಲೂ ಇತ್ತು.

ಎರಡನೇ ಸಲ ಒಂದು ಶುಕ್ರವಾರ ಗೊತ್ತುಮಾಡಿದೆ. ಮಗಳನ್ನು ಮನೆಗೆ ಕರೆಸಿದೆ. ಅವಳ ಕೋಣೆಯ ಇಬ್ಬರು ಹುಡುಗಿಯರೂ ಅಲ್ಲಿನ ಡಾಕ್ಟ್ರನ್ನು ಕಂಡು ಅದೇ ರಾತ್ರಿ ಹಚ್ಚಿಕೊಳ್ಳಲು ಒಪ್ಪಿದರು. ಎಲ್ಲರ ಉಗುರು ಕತ್ತರಿಸಿದೆ. ಮಿಂದು ಮೈ ಒಣಗಿ ತಣ್ಣಗಾದ ಮೇಲೆ ಕುತ್ತಿಗೆಯಿಂದ ಅಂಗಾಲಿನವರೆಗೆ ತುರಿಕೆ ಇರಲಿ ಇಲ್ಲದಿರಲಿ ಒಂದಿಂಚೂ ಬಿಡದೆ ಹಚ್ಚಿದೆವು. ಬೆರಳ ಸಂದಿ, ಉಗುರಿನ ಅಡಿ, ಹೊಕ್ಕುಳು, ಪೃಷ್ಠ ಮರೆತುಹೋಗುವ ಜಾಗಗಳು. ಅತ್ತೆಯ ಬೆನ್ನಿಗೆ ನಾನೇ ಹಚ್ಚಿದೆ. ಅವರು ನಾಚಿ ಗೋಡೆ ಕಡೆ ತಿರುಗಿ ಕೂತಿದ್ದರು. ಕೈ ತೊಳೆದವರು ಕೈಗೆ ಪುನಃ ಹಚ್ಚಬೇಕು. ಹಾಗೆ 8ರಿಂದ 14 ಗಂಟೆ ಮದ್ದು ಮೈಮೇಲೆ ಇರಬೇಕು. ಏಳು ದಿನ ಬಿಟ್ಟು ಇನ್ನೊಮ್ಮೆ. ಕೈಕೂಸು, ಬಸುರಿ, ಬಾಣಂತಿ ಇರುವ ಮನೆಯವರು ಡಾಕ್ಟ್ರನ್ನು ಕೇಳದೆ ಈ ಅಳತೆ ಹಿಡಿಯಬೇಡಿ.

ಬಟ್ಟೆಯದ್ದು ಆಟಿಯ ಮಳೆಯಲ್ಲಿ ದೊಡ್ಡ ಕೆಲಸ. ಹಿಂದಿನ ಮೂರು ದಿನ ಉಟ್ಟದ್ದು, ಹೊದ್ದದ್ದು, ಮೈ ಒರೆಸುವ ಬೈರಾಸುಗಳನ್ನು ಹಂಡೆಯ ಕುದಿನೀರಲ್ಲಿ ಅದ್ದಿ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಅಡಿಯಲ್ಲಿ ಹರವಿದೆ. ತೊಳೆಯಲಾಗದ ಕಂಬಳಿ, ದಿಂಬುಗಳನ್ನು ದೊಡ್ಡ ಪ್ಲಾಸ್ಟಿಕ್ ತೊಟ್ಟೆಗಳಿಗೆ ತುಂಬಿ ಬಾಯಿ ಕಟ್ಟಿ ವಾರವಿಡೀ ಅಟ್ಟದಲ್ಲಿಟ್ಟೆ. ಮನುಷ್ಯನ ಮೈ ಬಿಟ್ಟ ಹುಳ ಸಾಮಾನ್ಯವಾಗಿ 2-3 ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಮನೆಗೆಲ್ಲ ವಿಷ ಸಿಂಪಡಿಸುವ ಅಗತ್ಯ ಇಲ್ಲ.

ಕೆಂಪು ಬೊಕ್ಕೆ ಎಲ್ಲವೂ ಕಜ್ಜಿಯಲ್ಲ. ನೆರೆಮನೆಯವರದ್ದು ತಿಗಣೆ ಕಚ್ಚಿದ್ದು, ಸಾಲಾಗಿ ಎದ್ದಿತ್ತು. ಚೇರು ಮರದ ಸೊನೆ ತಾಗಿದರೆ ತಾಗಿದಲ್ಲಿ ಗುಳ್ಳೆ ಬಂದು ಉರಿಯುತ್ತದೆ. ಪಿತ್ತದ ದದ್ದು ಎದ್ದಲ್ಲಿ ನಿಲ್ಲದೆ ಜಾಗ ಬದಲಾಯಿಸುತ್ತದೆ. ಯಾವುದೇ ಇರಲಿ, ತುರಿಸಿದ ಗಾಯದಲ್ಲಿ ಕೀವಾದರೆ, ಜ್ವರ ಬಂದರೆ, ಮಕ್ಕಳ ಮುಖ ಊದಿ ಮೂತ್ರ ಕಡಿಮೆಯಾದರೆ ತಡ ಮಾಡಬಾರದು. ಆ ಕೀವಿನ ಸೋಂಕು ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲದು.

ಇಷ್ಟರಲ್ಲಿ ನನಗೆ ಅತಿ ಕಷ್ಟವಾದದ್ದು ಒಂದು ಫೋನು. ಮೇ ಕೊನೆಯ ಉಪನಯನದ ಮನೆಯಲ್ಲಿ ಮಕ್ಕಳೆಲ್ಲ ಒಂದೇ ಚಾಪೆಯಲ್ಲಿ ಮಲಗಿದ್ದರು. ಕಜ್ಜಿ ಎಂದರೆ ಕೊಳಕು ಎಂಬ ಮಾತು ನಮ್ಮಲ್ಲಿ ಗಟ್ಟಿ. ದಿನಾ ಎರಡು ಹೊತ್ತು ಮೀಯುವ ಮನೆಗೂ ಬರುತ್ತದೆ ಎಂದು ಯಾರು ನಂಬುತ್ತಾರೆ? ಆದರೂ ಬದಿಯಡ್ಕದ ಅತ್ತಿಗೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಣ್ಣವ ಹದಿನೈದು ದಿನದಿಂದ ರಾತ್ರಿ ನಿದ್ದೆ ಮಾಡುದಿಲ್ಲ ಮಾರಾಯ್ತಿ" ಎಂದರು. ಮರುದಿನ ಬೆಳಗ್ಗಿನ ಬಸ್ಸಿಗೆ ಇಬ್ಬರೂ ಒಟ್ಟಿಗೆ ಕಾಸರಗೋಡಿಗೆ ಹೋದೆವು.