ಒಂದೇ ಟಿವಿ, ನಾಲ್ಕು ಜನ: ಮಳೆಗಾಲದ ಭಾನುವಾರಕ್ಕೆ ಮಾರಿಯೋ ಕಾರ್ಟ್ ಸೆಟ್ ಮಾಡೋದು ಹೇಗೆ

ಮುಂಬೈ ಹತ್ರದ ಡೊಂಬಿವಲೀಲಿ ಜುಲೈ ಮಳೆ ಹಿಡೀತು ಅಂದ್ರೆ ಮಕ್ಕಳನ್ನ ಸೊಸೈಟಿ ಕಾಂಪೌಂಡಿಗೂ ಬಿಡೋಕಾಗಲ್ಲ, ಟ್ರ್ಯಾಕ್ ಮೇಲೆ ನೀರು ನಿಂತು ಲೋಕಲ್ ಟ್ರೈನ್ ಬಂದ್ ಆದ್ರೆ ದೊಡ್ಡವರೂ ಮನೇಲೇ, ಇರೋ ಒಂದು ಹಾಲಲ್ಲಿ ಎಲ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರಬೇಕು. ಹೋದ ಮಳೆಗಾಲದಲ್ಲಿ ಅಕ್ಕನ ಮಗ ಸ್ವಿಚ್ (ನಿಂಟೆಂಡೊದವರ ಗೇಮ್ ಕನ್ಸೋಲ್) ಹೊತ್ಕೊಂಡು ಬಂದ, ಜೊತೆಗೆ ಮಾರಿಯೋ ಕಾರ್ಟ್ 8 ಡಿಲಕ್ಸ್ ಅನ್ನೋ ಗಾಡಿ ರೇಸಿನ ಗೇಮು. ಮೊದಲ ದಿನ ನಾನು ಸೆಟ್ ಮಾಡಿದ್ದೆಲ್ಲಾ ಉಲ್ಟಾ, ಅಮ್ಮ ಎರಡೇ ರೇಸಿಗೆ "ನಿಮ್ಮ ಆಟ ನೀವೇ ಆಡ್ಕೊಳ್ರಪ್ಪ" ಅಂತ ಎದ್ದು ಅಡುಗೆಮನೆಗೆ ಹೋದ್ರು. ಆಮೇಲೆ ಗೊತ್ತಾಯ್ತು, ಮನೇಲಿ ಚೆನ್ನಾಗಿ ಆಡೋರನ್ನ ನೋಡಿ ಅಲ್ಲ, ಆಡೋಕೇ ಬರದವರನ್ನ ನೋಡಿ ಈ ಗೇಮನ್ನ ಸೆಟ್ ಮಾಡ್ಬೇಕು.

ಹೆಸರಲ್ಲಿ 8 ಇದೆ ಅಂತ ಹಿಂದಿನವನ್ನೆಲ್ಲಾ ಆಡಿರಬೇಕಾಗಿಲ್ಲ. ಸರಣಿ ಶುರುವಾಗಿದ್ದು 1992ರಲ್ಲಿ, ಈ ಎಂಟನೇದು ಬಂದಿದ್ದು 2014ರಲ್ಲಿ, ಅದನ್ನೇ ಇನ್ನಷ್ಟು ತುಂಬಿಸಿ 2017ರಲ್ಲಿ ಸ್ವಿಚ್‌ಗೆ ಡಿಲಕ್ಸ್ ಅಂತ ತಂದ್ರು. 48 ಟ್ರ್ಯಾಕ್ ಮೊದಲ ದಿನದಿಂದಲೇ ಓಪನ್, 2022-23ರಲ್ಲಿ ದುಡ್ಡು ಕೊಟ್ಟು ತಗೊಳ್ಳೋ ಇನ್ನೂ 48 ಬಂದ್ವು. ಶುರುಗೆ ಅದು ಬೇಕಾಗಿಲ್ಲ, ದುಡ್ಡು ಉಳಿಸಿ.

ಮೊದಲು ವಸ್ತುಗಳು. ಸ್ವಿಚ್ ಲೈಟ್ ಅಂತ ಚಿಕ್ಕದೊಂದಿದೆ, ಅದು ಟಿವಿಗೆ ಕನೆಕ್ಟೇ ಆಗಲ್ಲ, ಸೆಕೆಂಡ್ ಹ್ಯಾಂಡ್ ನೋಡೋರು ಇಲ್ಲೇ ಮೋಸ ಹೋಗೋದು. ಡಾಕ್ (ಕನ್ಸೋಲನ್ನ ಟಿವಿಗೆ ಜೋಡಿಸೋ ಸ್ಟ್ಯಾಂಡ್) ಇರೋ ಮಾಡೆಲ್ ಬೇಕು. ಹೊರದೇಶದಿಂದ ಯಾರಾದ್ರೂ ತಂದ್ರೆ ಪಿನ್ನಿನ ಆಕಾರ ಬೇರೆ ಇರುತ್ತೆ, ಆದ್ರೆ ಅದರ ಜೊತೆ ಬಂದ ಒರಿಜಿನಲ್ ಅಡಾಪ್ಟರ್ 100ರಿಂದ 240 ವೋಲ್ಟ್ ತನಕ ತಡ್ಕೊಳ್ಳುತ್ತೆ, ಟ್ರಾನ್ಸ್‌ಫಾರ್ಮರ್ ಬೇಕು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಗಲ್ಲಿ ಎಲೆಕ್ಟ್ರಿಕಲ್ ಅಂಗಡೀಲಿ ಸಿಗೋ ಪ್ಲಗ್ ಕನ್ವರ್ಟರ್ ಸಾಕು. ಕನ್ಸೋಲ್ ಜೊತೆ ಬರೋ ಎರಡು ಜಾಯ್‌ಕಾನ್‌ನಲ್ಲಿ ಇಬ್ಬರು ಆಡಬಹುದು, ಒಂದೊಂದನ್ನ ಅಡ್ಡ ಹಿಡ್ಕೊಂಡ್ರೆ ಒಂದೊಂದು ಪೂರ್ತಿ ಕಂಟ್ರೋಲರ್. ನಾಲ್ಕು ಜನಕ್ಕೆ ಇನ್ನೊಂದು ಜೊತೆ ಬೇಕು, ನಾವು ಅದನ್ನ ಮೂರನೇ ಮಹಡಿಯವರ ಹತ್ರ ಭಾನುವಾರ ಭಾನುವಾರ ಕಡ ತರ್ತೀವಿ, ವಾಪಸ್ ಕೊಡುವಾಗ ಒಂದು ಡಬ್ಬಿ ಚಕ್ಕುಲಿ.

ಜೋಡಿಸೋದು ಸುಲಭ. ಹೋಮ್ ಸ್ಕ್ರೀನಲ್ಲಿ ಕಂಟ್ರೋಲರ್ಸ್ ಒಳಗೆ ಹೋಗಿ ಗ್ರಿಪ್, ಆರ್ಡರ್ ಬದಲಿಸೋದು ಒತ್ತಿ, ಆಮೇಲೆ ಪ್ರತಿಯೊಬ್ಬರೂ ತಮ್ಮ ಜಾಯ್‌ಕಾನ್ ಅಂಚಲ್ಲಿರೋ ಎಸ್‌ಎಲ್, ಎಸ್‌ಆರ್ ಎರಡನ್ನೂ ಒಟ್ಟಿಗೆ ಒತ್ತಬೇಕು. ಯಾರು ಮೊದಲು ಒತ್ತುತ್ತಾರೋ ಅವರೇ ಪ್ಲೇಯರ್ 1, ಮೆನು ಎಲ್ಲಾ ಅವರ ಕೈಲಿ, ಅದಕ್ಕೇ ಮಕ್ಕಳು ಜಗಳ ಆಡೋದು. ಆ ಪಟ್ಟ ದೊಡ್ಡವರೇ ಇಟ್ಕೊಳ್ಳಿ.

ಈಗ ಗಾಡಿ ಆರಿಸೋ ಸ್ಕ್ರೀನು. ನಾನು ತಪ್ಪು ಮಾಡಿದ್ದು ಇಲ್ಲೇ. ಇಲ್ಲಿ ಪ್ಲಸ್ ಬಟನ್ ಒತ್ತಿದ್ರೆ (ಎಡಗಡೆ ಜಾಯ್‌ಕಾನ್ ಆದ್ರೆ ಮೈನಸ್) ಸ್ಮಾರ್ಟ್ ಸ್ಟಿಯರಿಂಗು, ತಾನಾಗೇ ಆಕ್ಸಿಲರೇಟರ್ ಒತ್ತೋದು, ಎರಡೂ ಆನ್ ಆಫ್ ಮಾಡೋಕೆ ಸಿಗುತ್ತೆ. ಸ್ಮಾರ್ಟ್ ಸ್ಟಿಯರಿಂಗ್ ಇದ್ರೆ ಗಾಡಿ ಹಿಂದೆ ಚಿಕ್ಕ ಆಂಟೆನಾ ಕಾಣುತ್ತೆ, ರೋಡ್ ಬಿಟ್ಟು ಬೀಳೋಕೇ ಬಿಡಲ್ಲ. ಅಮ್ಮನಿಗೆ, ಆರು ವರ್ಷದ ಚಿಕ್ಕವಳಿಗೆ ಎರಡೂ ಆನ್, ಅವರು ಬರೀ ತಿರುಗಿಸಿದ್ರೆ ಸಾಕು. ಇದು ಮೋಸ ಅಂತ ದೊಡ್ಡ ಹುಡುಗ ಗಲಾಟೆ ಮಾಡ್ದ, ಅವನಿಗೆ ಹೇಳಿದ್ದು ಇಷ್ಟೇ, ಆಂಟೆನಾ ಇರೋರಿಗೆ ಡ್ರಿಫ್ಟಲ್ಲಿ (ತಿರುವಲ್ಲಿ ಗಾಡಿ ಜಾರಿಸೋದು) ಮೂರನೇ ಹಂತದ ಬೂಸ್ಟ್ ಸಿಗೋದೇ ಇಲ್ಲ, ಗೆಲ್ಲೋ ತಾಕತ್ತು ಇದ್ರೆ ತೋರಿಸು.

ಇನ್ನೊಂದು, ಒಬ್ಬೊಬ್ಬರು ದೂರದಿಂದಲೇ ಗೊತ್ತಾಗೋ ಪಾತ್ರ ತಗೊಳ್ಳಿ. ನಾಲ್ಕು ಜನ ಆಡುವಾಗ ಟಿವಿ ನಾಲ್ಕು ತುಂಡಾಗುತ್ತೆ, ನಮ್ಮದು 32 ಇಂಚು, ಅಮ್ಮ ಅರ್ಧ ರೇಸು ನನ್ನ ಗಾಡಿ ನೋಡ್ಕೊಂಡು ಓಡಿಸಿ "ಏನೋ ಇದು, ನಾನು ಎಡಕ್ಕಂದ್ರೆ ಬಲಕ್ಕೆ ಹೋಗ್ತಿದೆ" ಅಂತಿದ್ರು. ಈಗ ಯಾರ ಚೌಕ ಎಲ್ಲಿದೆಯೋ ಸೋಫಾದಲ್ಲೂ ಅದೇ ಕಡೆ ಕೂರ್ತಾರೆ. ಮೂರು ಜನರ ಸೋಫಾದಲ್ಲಿ ನಾಲ್ಕನೆಯವರಿಗೆ ಲೋಕಲ್ಲಿನ ಫೋರ್ತ್ ಸೀಟ್ ಥರ ಅರ್ಧ ಜಾಗ, ಆ ಸೀಟು ಹಿಂದಿನ ರೇಸ್ ಗೆದ್ದವರಿಗೆ.

ಸ್ಪೀಡಿಗೆ ಸಿಸಿ ಲೆಕ್ಕ ಇದೆ, ಇದನ್ನ ಅಪ್ಪನಿಗೆ ಅರ್ಥ ಮಾಡಿಸೋಕೆ ಕಷ್ಟ ಆಗ್ಲಿಲ್ಲ: 50 ಅಂದ್ರೆ ಲೂನಾ, 100 ಸ್ಪ್ಲೆಂಡರ್, 150 ಪಲ್ಸರ್. 200 ಕೂಡ ಇದೆ, ಅದರಲ್ಲಿ ಬ್ರೇಕ್ ಹಾಕದೆ ತಿರುವೇ ಸಿಗಲ್ಲ, ಮುಟ್ಟಬೇಡಿ. ಮನೆಮಂದಿಗೆ 50, ಎರಡು ಭಾನುವಾರ ಆದ್ಮೇಲೆ 100. ವಿಎಸ್ ರೇಸ್ ಆರಿಸಿ, ಕಂಪ್ಯೂಟರ್ ಗಾಡಿಗಳನ್ನ ಈಸಿಗೆ ಹಾಕಿ, ನಾಲ್ಕು ರೇಸ್ ಇಡಿ. ಕಂಪ್ಯೂಟರ್ ಗಾಡಿ ಪೂರ್ತಿ ತೆಗೆದ್ರೆ ರೋಡ್ ಖಾಲಿ ಹೊಡೆಯುತ್ತೆ, ಮಜಾ ಇರಲ್ಲ.

ಓಡಿಸೋಕೆ ಕಲಿಸಬೇಕಾದ್ದು ಸ್ವಲ್ಪವೇ. ಅಡ್ಡ ಹಿಡಿದಾಗ ನಾಲ್ಕು ಗುಂಡೀಲಿ ಬಲ ತುದಿಯದು ಆಕ್ಸಿಲರೇಟರ್, ಎಸ್‌ಎಲ್ ಸಾಮಾನು ಎಸೆಯೋಕೆ, ಎಸ್‌ಆರ್ ಡ್ರಿಫ್ಟಿಗೆ. ಶುರುಲಿ 3, 2, 1 ಎಣಿಸುತ್ತಲ್ಲ, 2 ಕಾಣಿಸಿದ ಮೇಲೆ ಆಕ್ಸಿಲರೇಟರ್ ಒತ್ತಿ ಹಿಡಿದ್ರೆ ಚಿಮ್ಮುತ್ತೆ, 3ಕ್ಕೇ ಅವಸರಪಟ್ರೆ ಚಕ್ರ ಸುತ್ತಿ ಹೊಗೆ ಬಂದು ಅಲ್ಲೇ ನಿಲ್ತೀರಿ. ತಿರುವಲ್ಲಿ ಎಸ್‌ಆರ್ ಒತ್ತಿ ಹಿಡಿದು ತಿರುಗಿಸಿ, ಚಕ್ರದ ಹತ್ರ ಮೊದಲು ನೀಲಿ ಕಿಡಿ, ಆಮೇಲೆ ಕಿತ್ತಳೆ, ಆಮೇಲೆ ಗುಲಾಬಿ, ತಡೆದಷ್ಟೂ ದೊಡ್ಡ ಬೂಸ್ಟ್, ಬಿಟ್ಟಾಗ ಸಿಗುತ್ತೆ. ಆಗುಂಬೆ ಘಾಟಿ ಇಳಿಯೋ ಡ್ರೈವರ್ ಥರ ತಿರುವು ಬರೋ ಮುಂಚೆನೇ ಶುರು ಮಾಡ್ಬೇಕು, ಬಂದ್ಮೇಲೆ ಅಲ್ಲ. ದಾರೀಲಿರೋ ನಾಣ್ಯ ಬಿಡಬೇಡಿ, 10 ತನಕ ಕೂಡಿದಷ್ಟೂ ಸ್ಪೀಡು ಏರುತ್ತೆ.

ನನಗೆ ಈ ಗೇಮಲ್ಲಿ ಅತಿ ಇಷ್ಟವಾದದ್ದು ದಾರೀಲಿರೋ ಪ್ರಶ್ನೆಚಿಹ್ನೆ ಡಬ್ಬಿಗಳು, ಎಸೆಯೋ ಸಾಮಾನು ಸಿಗೋದು ಅವುಗಳಲ್ಲೇ. ಮುಂದೆ ಇರೋರಿಗೆ ಬಾಳೆಹಣ್ಣಿನ ಸಿಪ್ಪೆ, ನಾಣ್ಯ ಅಂತ ಚಿಲ್ಲರೆ ಸಿಗುತ್ತೆ, ಹಿಂದೆ ಬಿದ್ದವರಿಗೆ ನಕ್ಷತ್ರ, ಮಿಂಚು, ಬುಲೆಟ್. ಬುಲೆಟ್ ಆದ್ರೆ ಗಾಡಿ ತಾನೇ ಓಡಿ ಹತ್ತು ಜನರನ್ನ ದಾಟಿಸುತ್ತೆ, ಅಮ್ಮ ಕೈ ಬಿಟ್ಟು ಚಹಾ ಕುಡೀತಾರೆ. ನೀಲಿ ಆಮೆ ಚಿಪ್ಪು ಅಂತೂ ಹುಡುಕ್ಕೊಂಡು ಹೋಗಿ ಮೊದಲನೆಯವನಿಗೇ ಹೊಡೆಯುತ್ತೆ. ಮುಂದೆ ಇದ್ದಾಗ ಸಿಪ್ಪೆ ಸಿಕ್ರೆ ಎಸೆಯಬೇಡಿ, ಎಸ್‌ಎಲ್ ಒತ್ತಿ ಹಿಡ್ಕೊಂಡ್ರೆ ಗಾಡಿ ಹಿಂದೆ ನೇತಾಡುತ್ತೆ, ಹಿಂದಿನಿಂದ ಬರೋ ಕೆಂಪು ಚಿಪ್ಪು ಅದಕ್ಕೆ ಬಡಿದು ಹೋಗುತ್ತೆ. ನೀಲಿಗೆ ಮಾತ್ರ ಇದು ನಡೆಯಲ್ಲ, ಸೂಪರ್ ಹಾರ್ನ್ ಅಂತ ಒಂದಿದೆ, ಸರಿಯಾದ ಹೊತ್ತಿಗೆ ಬಾರಿಸಿದ್ರೆ ನೀಲಿನೂ ಪುಡಿ. ಠಾಣೆಯ ಘೋಡ್‌ಬಂದರ್ ರೋಡಲ್ಲಿ ಎಷ್ಟು ಹಾರ್ನ್ ಹೊಡೆದ್ರೂ ಏನೂ ಆಗಲ್ಲ, ಇಲ್ಲಾದ್ರೂ ಆಗ್ಲಿ.

ಟ್ರ್ಯಾಕು ಮಶ್ರೂಮ್ ಕಪ್ಪಿಂದ ಶುರು ಮಾಡಿ (ನಾಲ್ಕು ಟ್ರ್ಯಾಕಿನ ಒಂದೊಂದು ಗುಂಪಿಗೆ ಕಪ್ ಅಂತಾರೆ). ರೇನ್‌ಬೋ ರೋಡ್ ನೋಡೋಕೆ ಚಂದ, ಆದ್ರೆ ಅಂಚಿಗೆ ಗೋಡೆ ಕಮ್ಮಿ, ಆಂಟೆನಾ ಇಲ್ಲದವರು ಬೀಳ್ತಾನೇ ಇರ್ತಾರೆ. ಕೊನೇ ರೇಸಿಗೆ ಬೇಬಿ ಪಾರ್ಕ್ ಇಡಿ, ಚಿಕ್ಕ ಮೊಟ್ಟೆಯಾಕಾರದ ರೋಡು, ಬೇರೆಲ್ಲಾ ಸಾಮಾನ್ಯವಾಗಿ 3 ಸುತ್ತಾದ್ರೆ ಇದು 7, ಯಾರು ಮುಂದೆ ಯಾರು ಹಿಂದೆ ಗೊತ್ತಾಗದೆ ಎಲ್ರೂ ಎಲ್ರಿಗೂ ಹೊಡೀತಾರೆ, ಕೆಳಗಿನ ಮನೆಯವರು ಬೆಲ್ ಒತ್ತೋದೂ ಇದೇ ಹೊತ್ತಿಗೆ.

ಮುಗಿದ್ಮೇಲೆ ಜಾಯ್‌ಕಾನಿಗೆ ಸಿಕ್ಕಿಸಿರೋ ಮಣಿಕಟ್ಟಿನ ಪಟ್ಟಿ ಬಿಚ್ಚಿ ಕನ್ಸೋಲ್ ಪಕ್ಕಕ್ಕೆ ಸಿಕ್ಕಿಸಿ ಡಾಕಲ್ಲಿಡಿ, ಚಾರ್ಜ್ ಆಗೋದು ಹಾಗೇ. ಪಟ್ಟಿ ಹಾಕುವಾಗ ಅದರ ಮೇಲಿನ ಪ್ಲಸ್, ಮೈನಸ್ ಗುರುತು ಜಾಯ್‌ಕಾನಿನ ಗುರುತಿಗೆ ಹೊಂದಬೇಕು, ಉಲ್ಟಾ ತುರುಕಿದ್ರೆ ಸಿಕ್ಕಿಹಾಕ್ಕೊಳ್ಳುತ್ತೆ. ಕಡ ತಂದ ಜೊತೆಗೆ ನಾನು ಅದನ್ನೇ ಮಾಡಿ ಅರ್ಧ ಗಂಟೆ ಎಳೆದಾಡಿದೆ, ಆ ವಾರ ಚಕ್ಕುಲಿ ಎರಡು ಡಬ್ಬಿ ಹೋಯ್ತು.