ಬಾವುಟದಲ್ಲಿ ‘ಬಾ’ ಅನ್ನುವುದು ಹೇಗೆ?

ಕೂಗಿದರೆ ಕೇಳಿಸದಷ್ಟು ದೂರದಲ್ಲಿರುವವರಿಗೂ ಬಾವುಟ ಕಾಣಿಸುತ್ತದೆ. ಸೆಮಾಫೋರ್‌ಗೆ, ಅಂದರೆ ಬಾವುಟದಲ್ಲಿ ಒಂದೊಂದೇ ಅಕ್ಷರ ತೋರಿಸಿ ಸಂದೇಶ ಕಳಿಸುವುದಕ್ಕೆ, ಬೇಕಾಗಿರುವುದು ಎರಡು ಕೈ, ಎರಡು ಬಾವುಟ, ಎಂಟು ದಿಕ್ಕು. ಆದರೂ ಕಲಿಯುವವರು ಎಡವುವುದು ಒಂದೇ ಜಾಗದಲ್ಲಿ. ಅಲ್ಲಿಗೆ ಬರುತ್ತೇನೆ.

ಮೊದಲು ಬಾವುಟ. 18 ಇಂಚಿನ ಚೌಕ, ಮೂಲೆಯಿಂದ ಮೂಲೆಗೆ ಸೀಳಿದಂತೆ ಅರ್ಧ ಕೆಂಪು, ಅರ್ಧ ಹಳದಿ. ನೀಲಿ-ಬಿಳಿಯೂ ಉಂಟು, ನಾನಂತೂ ಮುಟ್ಟುವುದಿಲ್ಲ. ಆಕಾಶದ ಎದುರು ನಿಂತರೆ ಅದು ಕಾಣುವುದೇ ಕಷ್ಟ. ಹೊಳೆಯುವ ಸ್ಯಾಟಿನ್‌ನ ರೆಡಿಮೇಡ್ ಸೆಟ್ಟೂ ಬೇಡ. ಬಿಸಿಲು ಬಿದ್ದರೆ ಬಣ್ಣವೇ ತಿಳಿಯುವುದಿಲ್ಲ. ಕಾಟನ್ ಬಟ್ಟೆಯಲ್ಲಿ ಹೊಲಿಸಿ, ಬಾಗದ ಕೋಲು ಹಾಕಿ.

ತೋರುಬೆರಳನ್ನು ಕೋಲಿನ ಉದ್ದಕ್ಕೆ ಚಾಚಿ ಹಿಡಿಯಿರಿ. ಕೈಯೂ ಕೋಲೂ ಒಂದೇ ಗೆರೆ. ಮೊಣಕೈ ಮಡಚಿದರೆ ಅಕ್ಷರ ಕೆಟ್ಟಿತು.

ಈಗ ಅಕ್ಷರ, ಇಂಗ್ಲಿಷಿನವು. ಬಲಗೈ ಕೆಳಗೆ ಓರೆಯಾಗಿದ್ದರೆ ಎ, ಪಕ್ಕಕ್ಕೆ ನೇರವಾಗಿದ್ದರೆ ಬಿ, ಮೇಲೆ ಓರೆಯಾದರೆ ಸಿ. ನೆತ್ತಿಯ ಮೇಲೆ ನೆಟ್ಟಗೆ ಎತ್ತಿದರೆ ಡಿ. ಆಮೇಲೆ ಎಡಗೈಯಲ್ಲಿ ಮೇಲಿನಿಂದ ಕೆಳಗೆ ಇ, ಎಫ್, ಜಿ. ಇದು ಮೊದಲ ಸುತ್ತು.

ಎಲ್ಲರೂ ಎಡವುವುದು ಇಲ್ಲೇ. ಅಕ್ಷರ ಕಲಿಸುವ ಚಾರ್ಟಿನಲ್ಲಿರುವ ಮನುಷ್ಯನ ಚಿತ್ರ ನಿಮ್ಮ ಕಡೆ ಮುಖ ಮಾಡಿ ನಿಂತಿರುತ್ತದೆ. ಅದರ ಬಲಗೈ ನಿಮ್ಮ ಎಡಕ್ಕೆ ಕಾಣುತ್ತದೆ. ಕನ್ನಡಿ ನೋಡಿದ ಹಾಗೆ ಅನುಕರಿಸಿದಿರೋ, ಎ ಹೋಗಿ ಜಿ, ಬಿ ಹೋಗಿ ಎಫ್, ಸಿ ಹೋಗಿ ಇ ಆಗುತ್ತದೆ. ‘ಬಾ’ ಅಂತ ನೀವು ಬಿ, ಎ ಕಳಿಸಿದರೆ ಅತ್ತ ಎಫ್, ಜಿ ಓದಿಕೊಂಡು ಸುಮ್ನೆ ನಿಂತಿರುತ್ತಾರೆ! ಡಿ, ಎನ್, ಆರ್, ಯು ಮಾತ್ರ ತಿರುಗಿಸಿದರೂ ಅವೇ. ಅದರಿಂದಲೇ ತಪ್ಪು ಬೇಗ ಗೊತ್ತಾಗುವುದಿಲ್ಲ. ನನಗೇ ಇದು ತಿಳಿಯಲು ಒಂದು ವಾರ ಹಿಡಿಯಿತು. ಕನ್ನಡಿ ಮುಂದೆ ಅಭ್ಯಾಸ ಮಾಡಲೇಬೇಡಿ. ಫೋನಿನ ಹಿಂಬದಿ ಕ್ಯಾಮೆರಾದಲ್ಲಿ ವಿಡಿಯೊ ಮಾಡಿಸಿ. ಎದುರಿನವರಿಗೆ ಏನು ಕಾಣುತ್ತದೋ ಅದೇ ಅದರಲ್ಲಿರುತ್ತದೆ. ಸೆಲ್ಫಿ ಕ್ಯಾಮೆರಾ ಬೇಡ, ಅದರ ಪರದೆಯೂ ಕನ್ನಡಿಯ ಜಾತಿಯೇ.

ಎರಡನೇ ಸುತ್ತಿನಲ್ಲಿ ಒಂದು ಬಾವುಟ ಎ ಜಾಗದಲ್ಲೇ ಇರುತ್ತದೆ, ಇನ್ನೊಂದು ತಿರುಗುತ್ತದೆ. ಎಚ್‌ನಿಂದ ಎನ್‌ವರೆಗೆ ಹೀಗೆ, ಜೆ ಬಿಟ್ಟು. ಎಚ್, ಐ ತೋರಿಸುವಾಗ ಎಡಗೈ ಮೈಗೆ ಅಡ್ಡ ಬರುತ್ತದೆ, ಸೊಂಟವನ್ನು ಚೂರು ತಿರುಗಿಸಿ. ಉಳಿದ ಸುತ್ತುಗಳೂ ಇದೇ ಲೆಕ್ಕ, ಚಾರ್ಟ್ ಸಾಕು.

ಕಳಿಸುವಾಗ ಪ್ರತಿ ಅಕ್ಷರದಲ್ಲೂ ಒಂದು ಕ್ಷಣ ನಿಲ್ಲಿ. ವೇಗ ಆಮೇಲೆ ಬರಲಿ. ಒಂದು ಅಕ್ಷರದಿಂದ ಸೀದಾ ಮುಂದಿನದಕ್ಕೆ ಹೋಗಬೇಕು. ಪದ ಮುಗಿದ ಮೇಲೆ ಬಾವುಟ ಎರಡನ್ನೂ ಮುಂದೆ ಕೆಳಗಿಳಿಸಬೇಕು.

ಓದುವ ಕಡೆ ಇಬ್ಬರಿರಬೇಕು. ಒಬ್ಬರು ಬಾವುಟದಿಂದ ಕಣ್ಣು ತೆಗೆಯದೆ ಅಕ್ಷರ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಪದ ಸಿಕ್ಕಿದಾಗಲೆಲ್ಲ ಸಿ ತೋರಿಸಬೇಕು. ಸಿ ಬರಲಿಲ್ವಾ? ಅದೇ ಪದ ಮತ್ತೊಮ್ಮೆ ಕಳಿಸಿ. ಸಿ ಬದಲು ಇ ಬಂದರೆ, ಅತ್ತಲಿನವರೂ ಕನ್ನಡಿ ನೋಡಿಯೇ ಕಲಿತಿದ್ದಾರೆ.